ದಿಡ್ಡಿ ಬಾಗಿಲು ತೆಗೆದವ ಯಾವ ಊರವ?

ಮೊನ್ನೆ ಗದಗಿನ ಬಸ್ ನಿಲ್ದಾಣದಲ್ಲಿ ಮುಂಡರಗಿ ಬಸ್ಸಿನ ದಾರಿ ಕಾಯುತ್ತ ಕುಳಿತಿದ್ದೆ. ಎದುರಿನ ಕಟ್ಟೆಯ ಮೇಲೆ ಶೇಂಗಾ ತಿನ್ನುತ್ತಿದ್ದ ಒಬ್ಬ ಮನುಷ್ಯ ಮೂರ್ಛೆ ಬಂದು ಕೆಳಗೆ ಉರುಳಿದ. ತಗೊಳ್ಳಿ, ಸುತ್ತಲಿದ್ದವರೆಲ್ಲ ಒಂದೇ ದನಿಯಲ್ಲಿ ಕೂಗಿದರು: "ಕಬ್ಬಣ ಕೊಡ್ರಿ ಕೈಯಾಗ! ಕೀಲಿಕೈ, ಕೀಲಿಕೈ!" ಒಬ್ಬ ಸ್ಕೂಟರಿನ ಕೀಲಿಕೈ ಕೊಟ್ಟ, ಒಬ್ಬಳು ಟ್ರಂಕಿನದು ಕೊಟ್ಟಳು, ಇನ್ನೊಬ್ಬ ಉಗುರು ಕತ್ತರಿಸುವ ಯಂತ್ರ ಕೊಟ್ಟ. ನಾನೂ ಹಿಂದೆ ಬೀಳಬಾರದೆಂದು ನನ್ನ ಮನೆಯ ಕೀಲಿಕೈ ಚಾಚಿದೆ. ಅಷ್ಟರಲ್ಲಿ ಬಿಳಿ ಅಂಗಿಯ ಒಬ್ಬ ಹುಡುಗಿ, ನರ್ಸಿಂಗ್ ಓದುವವಳಿರಬೇಕು, ಎಲ್ಲರನ್ನೂ ಮೊಣಕೈಯಿಂದ ತಿವಿಯುತ್ತ ಬಂದಳು. "ಸರೀರಿ ಅತ್ತಾಗ! ಕೀಲಿಕೈಲೆ ಮೂರ್ಛಿ ಹೋಗೂದಿಲ್ಲ. ಮಗ್ಗಲಾಗಿ ಮಲಗಸ್ರಿ, ಗಾಳಿ ಬಿಡ್ರಿ" ಎಂದು ಗದರಿಸಿದಳು. ಐದು ನಿಮಿಷಕ್ಕೆ ಆತ ಎದ್ದು ಕೂತು, ನನ್ನ ಬಸ್ಸು ಹೋತೇನ್ರಿ ಅಂತ ಕೇಳಿದ. ನಾವೆಲ್ಲ ನಮ್ಮ ನಮ್ಮ ಕೀಲಿಕೈ ಆಯ್ದುಕೊಂಡು ಕಳ್ಳರಂತೆ ಸರಿದೆವು. ಅಂಗೈ ಮೂಸಿ ನೋಡಿದೆ. ಕಬ್ಬಿಣದ ವಾಸನೆ. ಅದರ ಹಿಂದೆಯೇ ನಮ್ಮ ಗಿರಣಿ ಕಾಕಾ ಕಣ್ಣ ಮುಂದೆ ಬಂದು ನಿಂತ, ಹುಬ್ಬಿನ ಮೇಲೆ ಜೋಳದ ಹಿಟ್ಟು ಸಮೇತ.

ನಮ್ಮ ಮನೆಯಲ್ಲೂ ಒಂದು ಕೀಲಿಕೈ ಇತ್ತು. ಸಣ್ಣದಲ್ಲ ಮತ್ತೆ, ಮೊಳಕೈ ಉದ್ದ, ಎತ್ತಿದರೆ ಮಣಿಕಟ್ಟು ನೋಯಬೇಕು. ಊರಲ್ಲಿ ಯಾರಿಗೆ ಮೂರ್ಛೆ ಬಂದರೂ ನಮ್ಮ ಮನೆಗೆ ಓಡಿ ಬರುತ್ತಿದ್ದರು. ಮೂರ್ಛೆ ಇಲ್ಲದ ದಿನ ಅದು ಅಡಿಗೆಮನೆಯ ಗೂಟಕ್ಕೆ ತೂಗಾಡುತ್ತಿತ್ತು. ಅವ್ವ ಅದರಿಂದ ಶುಂಠಿ ಜಜ್ಜುತ್ತಿದ್ದಳು. ಇಷ್ಟು ದೊಡ್ಡ ಕೀಲಿಕೈ ಯಾವ ಕೀಲಿಯದು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ ನೋಡಿ. ನಾನು ಬಿ.ಎ.ಯಲ್ಲಿ ಇತಿಹಾಸ ತೆಗೆದುಕೊಂಡಿದ್ದೆ, ನಾನೂ ಕೇಳಲಿಲ್ಲ. ಇತಿಹಾಸದ ಪತ್ರಿಕೆಯಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಂದ ಹೆಚ್ಚಿನದನ್ನು ನಿರೀಕ್ಷಿಸಲೂಬಾರದು.

ನಮ್ಮೂರು ಶಿರಹಟ್ಟಿಗೂ ಮುಂಡರಗಿಗೂ ನಡುವೆ ಎಲ್ಲೋ ಇದೆ. ಹೆಸರು ಈಗಲೇ ಹೇಳುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ತಿಳಿದ ಮೇಲೆ ಹೇಳಬೇಕೋ ಬೇಡವೋ ನೋಡೋಣ. ಊರ ಮಗ್ಗುಲಿನ ದಿಬ್ಬದ ಮೇಲೆ ಒಂದು ಕೋಟೆ ಇದೆ. ಕೋಟೆ ಎಂದ ಕೂಡಲೇ ಆನೆ, ಅಂಬಾರಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ನಾಲ್ಕು ಹುಡೇವುಗಳಿದ್ದವು, ಅಂದರೆ ಮೂಲೆಯ ದುಂಡನೆಯ ಕೊತ್ತಲಗಳು. ಅದರಲ್ಲಿ ಒಂದು ಕುಸಿದು ಅರ್ಧ ಶಾಲೆಯ ಕಂಪೌಂಡಾಯಿತು, ಉಳಿದರ್ಧ ಊರ ಹೆಂಗಸರ ಬಟ್ಟೆ ಒಗೆಯುವ ಕಲ್ಲಾಯಿತು. ಒಳಗೆ ಪಾಪಾಸುಕಳ್ಳಿ, ಆಡುಗಳು. ಹಿಂಬದಿಯ ಗೋಡೆಯಲ್ಲಿ ಒಬ್ಬ ಮನುಷ್ಯ ಬಗ್ಗಿ ದಾಟುವಷ್ಟು ಸಣ್ಣ ದಿಡ್ಡಿ ಬಾಗಿಲು. ಬಾಗಿಲೆಂದರೆ ಬರೀ ಕಲ್ಲಿನ ಚೌಕಟ್ಟು. ಕಟ್ಟಿಗೆಯ ಕದವನ್ನು ನಮ್ಮೂರ ಹುಡುಗರು ಎಂದೋ ಒಂದು ವರ್ಷ ಕದ್ದೊಯ್ದು ಹೋಳಿ ಕಾಮನಿಗೆ ಸುಟ್ಟಿದ್ದರು. ಇತಿಹಾಸಕ್ಕೆ ನಮ್ಮೂರಿನಲ್ಲಿ ಸಿಗುವ ಮರ್ಯಾದೆ ಅಷ್ಟೇ.

ಆದರೂ ಈ ಕೋಟೆಯಿಂದ ಊರಿಗೆ ಒಂದು ಉಪಯೋಗವಿತ್ತು. ಕನ್ಯೆ ನೋಡಲು ಬಂದವರಿಗೆ ತೋರಿಸಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಆಗ ವರನ ಕಡೆಯವರು ಮುಂಜಾನೆ ಎಂಟರ ಬಸ್ಸಿಗೇ ಬಂದಿಳಿಯುತ್ತಿದ್ದರು. ಇತ್ತ ಕನ್ಯೆಯ ತಲೆ ಇನ್ನೂ ಆರಿರುವುದಿಲ್ಲ, ಪಕ್ಕದ ಮನೆಯಿಂದ ತಂದ ಸೀರೆಗೆ ರವಿಕೆ ಹೊಂದಿರುವುದಿಲ್ಲ, ಉಪ್ಪಿಟ್ಟಿಗೆ ಒಗ್ಗರಣೆ ಬಿದ್ದಿರುವುದಿಲ್ಲ. ಬಂದ ಗಂಡಸರನ್ನು ಪಡಸಾಲೆಯಲ್ಲಿ ಕೂಡ್ರಿಸಿದರೆ ಸುಮ್ಮನಿರುತ್ತಾರೆಯೇ? ಮೇಲೆ ನೋಡಿ ಜಂತಿಯ ಗೆದ್ದಲು ಎಣಿಸುತ್ತಾರೆ. ಕೊಟ್ಟಿಗೆಯಲ್ಲಿ ನಿಂತ ಎಮ್ಮೆ ನಿಮ್ಮದೋ ಕಡ ತಂದದ್ದೋ ಎಂದು ಕೇಳುತ್ತಾರೆ. ಆಚೆ ಮನೆಯವನು ಸುಮ್ಮನೆ ಬಂದಂತೆ ಬಂದು ಕೂತು ಬೇಡದ್ದನ್ನೆಲ್ಲ ಊದುತ್ತಾನೆ. ಅದಕ್ಕೇ ಯಾವ ಪುಣ್ಯಾತ್ಮನೋ ಈ ಪದ್ಧತಿ ಹಚ್ಚಿಟ್ಟಿದ್ದ: ಹೆಂಗಸರನ್ನು ಹೆಂಗಸರ ಕೈಗೆ ಒಪ್ಪಿಸಿ, ಗಂಡಸರನ್ನು ಕೋಟೆಗೆ ಕರೆದೊಯ್ಯುವುದು. ಎಲ್ಲ ತಯಾರಾದ ಮೇಲೆ ಕನ್ಯೆಯ ಮನೆಯ ಮಾಳಿಗೆ ಮೇಲೆ ಒಂದು ಕೆಂಪು ಸೀರೆ ಒಣಹಾಕುತ್ತಿದ್ದರು. ಹುಡೇವಿನ ಮೇಲಿಂದ ಅದು ಕಂಡರೆ ಕಥೆ ಮುಗಿಸಿ ಇಳಿಯಬೇಕು. ಕಾಣದಿದ್ದರೆ ಕಥೆ ಬೆಳೆಸಬೇಕು. ಎಷ್ಟು ದೊಡ್ಡ ಯುದ್ಧವಾದರೂ ನಮ್ಮೂರಲ್ಲಿ ಅದರ ಉದ್ದವನ್ನು ಉಪ್ಪಿಟ್ಟು ನಿರ್ಧರಿಸುತ್ತಿತ್ತು.

ಕೋಟೆ ತೋರಿಸುವ ಕೆಲಸ ನಮ್ಮ ಕಾಕಾನದು. ಅಪ್ಪನ ತಮ್ಮ, ಹೆಸರು ಈರಪ್ಪ, ಹಿಟ್ಟಿನ ಗಿರಣಿ ಇಟ್ಟಿದ್ದರಿಂದ ಊರಿಗೆಲ್ಲ ಗಿರಣಿ ಕಾಕಾ. ಕರೆಂಟು ಇದ್ದಾಗ ಹಿಟ್ಟು ಬೀಸುತ್ತಿದ್ದ, ಹೋದಾಗ ಇತಿಹಾಸ ಹೇಳುತ್ತಿದ್ದ. ನಮ್ಮಲ್ಲಿ ಕರೆಂಟು ಹೋಗುವುದೇ ಹೆಚ್ಚಾದ್ದರಿಂದ ಅವನನ್ನು ಇತಿಹಾಸಕಾರ ಎಂದರೂ ತಪ್ಪಿಲ್ಲ. ಮದುವೆ ಆಗಿರಲಿಲ್ಲ. ಕೇಳಿದರೆ, "ಮಂದಿ ಲಗ್ನಕ್ಕ ಕೋಟಿ ತೋರಸೂದ್ರಾಗ ನನ್ನ ವ್ಯಾಳ್ಯಾ ಹೋತಲೇ ತಮ್ಮಾ" ಎನ್ನುತ್ತಿದ್ದ. ನಾನು ಎಪ್ಪತ್ತರ ದಶಕದ ಕೊನೆಯ ಆ ಎರಡು ಮೂರು ವರ್ಷ, ನೌಕರಿ ಇಲ್ಲದೆ ಮನೆಯಲ್ಲಿದ್ದಾಗ, ಅವನ ಸಹಾಯಕನಾಗಿದ್ದೆ. ನೀರಿನ ತಂಬಿಗೆ ಹಿಡಿಯುವುದು, ಕೆಂಪು ಸೀರೆಗೆ ಕಣ್ಣಿಡುವುದು, ಇಷ್ಟೇ ನನ್ನ ಅಧಿಕಾರ.

ಕಾಕಾ ತನ್ನ ವಿದ್ಯೆಯನ್ನು ಸುಮ್ಮನೆ ಬಿಟ್ಟವನಲ್ಲ. ಬೇರೆ ಕೋಟೆಗಳಲ್ಲಿ ಏನು ಹೇಳುತ್ತಾರೆ ಎಂದು ನೋಡಿ ಬರಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಶಿರಹಟ್ಟಿಯಲ್ಲಿ ಒಬ್ಬ ಮುದುಕ ಒಂದು ತಗ್ಗು ತೋರಿಸಿ, ಇಲ್ಲಿಂದ ಸುರಂಗ ಹೊರಟು ಲಕ್ಷ್ಮೇಶ್ವರದಲ್ಲಿ ಏಳುತ್ತದೆ ಎಂದ. ಮುಂಡರಗಿ ಗುಡ್ಡದ ಮೇಲೆ ಸಿಕ್ಕವನು ತನ್ನ ಸುರಂಗವನ್ನು ಹೊಳೆಯ ದಂಡೆಗೆ ಮುಟ್ಟಿಸಿದ. ಕುದುರೆ ಸಮೇತ ಹೋಗಬಹುದಂತೆ. ಒಳಗೆ ಬಿಟ್ಟ ಒಂದು ಹೋತ ಮೂರು ದಿನದ ಮೇಲೆ ಆ ಕಡೆ ಎದ್ದು, ಅಲ್ಲಿಯೇ ಬೇರೆಯವರ ಆಡುಗಳ ಕೂಡ ಸಂಸಾರ ಹೂಡಿತಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಕಾಕಾ ಬಹಳ ಹೊತ್ತು ವಿಚಾರ ಮಾಡಿ ಹೇಳಿದ: "ಇಷ್ಟ ಸುರಂಗ ಖರೇನ ಇದ್ದಿದ್ರ ನಮ್ಮ ಹೊಲದಾಗಿನ ಶೇಂಗಾ ಎಲ್ಲಾ ತಳಕ್ಕ ಬಿದ್ದು ಹೋಗ್ತಿತ್ತಲೇ. ಸುರಂಗ ಎಲ್ಲಾರ ಕಡೆ ಐತಿ. ನಮ್ಮ ಕೋಟಿಗೆ ಮನಿಷಾ ಸಾಕು."

ಆ ಮನುಷ್ಯ ಯಾರೆಂದರೆ, ದ್ರೋಹಿ.

ಕಾಕಾನ ಕಥೆ ಹೀಗೆ. ಶತ್ರುಗಳು ಬಂದು ಕೋಟೆಗೆ ಮುತ್ತಿಗೆ ಹಾಕಿದರು. ಯಾವ ಶತ್ರುಗಳು ಎಂಬುದು ಬಂದ ಬೀಗರ ಮುಖ ನೋಡಿ ಬದಲಾಗುತ್ತಿತ್ತು, ಅದಿರಲಿ. ಆರು ತಿಂಗಳು ತೋಪು ಹಾರಿಸಿದರೂ ಒಂದು ಕಲ್ಲು ಅಲ್ಲಾಡಲಿಲ್ಲ. ಇಷ್ಟು ಹೇಳಿ ಕಾಕಾ ಗೋಡೆಗೆ ಒಂದು ಗುದ್ದು ಹಾಕುತ್ತಿದ್ದ. ಆಗ ಬಂದವರಲ್ಲಿ ಒಬ್ಬರು ತಪ್ಪದೆ ಕೇಳುತ್ತಿದ್ದರು: "ಮತ್ತ ಕೋಟಿ ಬಿತ್ತು ಹೆಂಗ್ರಿ?"

"ಒಳಗಿನಾವ ಒಬ್ಬ ದಿಡ್ಡಿ ಬಾಗಲಾ ತಗದ."

"ಯಾವ ಊರವ?"

ನಮ್ಮ ಜನರ ಸ್ವಭಾವ ನಿಮಗೆ ಗೊತ್ತಿದೆ. ಕಳವು, ಕೊಲೆ, ಓಡಿಹೋದದ್ದು, ಯಾವ ಸುದ್ದಿ ಕೇಳಿದರೂ ಮೊದಲ ಪ್ರಶ್ನೆ ಅದೇ: ಯಾವ ಊರವ? ಯಾಕೆ, ಹೆಂಗೆ, ಯಾವಾಗ, ಎಲ್ಲ ಆಮೇಲೆ. ಊರು ಹೇಳದೆ ಕಾಕಾನಿಗೆ ಬಿಡುಗಡೆ ಇರಲಿಲ್ಲ. ಕಸುಬು ಹಿಡಿದ ಹೊಸದರಲ್ಲಿ ಒಮ್ಮೆ ಬಾಯಿಗೆ ಬಂದಂತೆ "ಮಾಗಡಿಯವ್ರಿ" ಎಂದುಬಿಟ್ಟನಂತೆ. ವರನ ತಾಯಿಯ ತವರು ನಮ್ಮ ಶಿರಹಟ್ಟಿ ಕಡೆಯ ಆ ಮಾಗಡಿಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಮ್ಮ ಹಣೆಬರಹ. ಅವರು ಉಪ್ಪಿಟ್ಟು ಮುಟ್ಟದೆ ಮುಂದಿನ ಬಸ್ಸಿಗೆ ಹೋದರು. ಆ ಕನ್ಯೆಯ ಅಪ್ಪ ಎರಡು ವರ್ಷ ಕಾಕಾನ ಗಿರಣಿಗೆ ಜೋಳ ತರದೆ ಪರವೂರಿಗೆ ಹೊತ್ತ.

ಅಂದಿನಿಂದ ಕಾಕಾ ಹುಸೇನಸಾಬನ ನೆರವು ತೆಗೆದುಕೊಂಡ. ಹುಸೇನಸಾಬ ನಮ್ಮೂರ ಬಳೆಗಾರ. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಗದಗು ಬೆಟಗೇರಿಯಿಂದ ಹೊಳೆಯ ದಂಡೆಯ ಕೊರ್ಲಹಳ್ಳಿಯವರೆಗೆ ತಿರುಗುವವನು. ಯಾವ ಮನೆಯ ಮಗಳನ್ನು ಯಾವ ಊರಿಗೆ ಕೊಟ್ಟಿದೆ ಎಂಬುದು ಅವನಿಗೆ ಗೊತ್ತಿದ್ದಷ್ಟು ಆ ಮಗಳ ಅಪ್ಪನಿಗೂ ಗೊತ್ತಿರುತ್ತಿರಲಿಲ್ಲ. ಬೀಗರು ಬರುವ ಹಿಂದಿನ ದಿನ ಇಬ್ಬರೂ ಗಿರಣಿಯಲ್ಲಿ ಕೂತು ಮಸಲತ್ತು ನಡೆಸುತ್ತಿದ್ದರು.

"ತಾಯಿ ತವರು?"

"ಶಿರಹಟ್ಟಿ."

"ಶಿರಹಟ್ಟಿ ಬಿಡೂಣು. ಅತ್ತಿ?"

"ಲಕ್ಷ್ಮೇಶ್ವರ."

"ಮಲ್ಲಸಮುದ್ರದ ಕೂಡ ಏನರ ಸಂಬಂಧ ಐತೇನು?"

"ಇಲ್ಲೋ ಮಾರಾಯಾ. ಚಿಂತಿಬ್ಯಾಡ, ಮಲ್ಲಸಮುದ್ರದವನ ಕೈಲೆ ತಗಿಸು."

ಹೀಗೆ ಹತ್ತು ಹನ್ನೆರಡು ವರ್ಷಗಳಲ್ಲಿ ಸುತ್ತ ನಲವತ್ತು ಊರಿನವರು ಸರದಿಯ ಪ್ರಕಾರ ನಮ್ಮ ದಿಡ್ಡಿ ಬಾಗಿಲು ತೆಗೆದರು. ಒಮ್ಮೆ ಒಂದು ಊರಿನಿಂದ ಇಬ್ಬರು ಹಿರಿಯರು ಚೀಲ ಹಿಡಿದುಕೊಂಡು ಬಂದೇಬಿಟ್ಟರು. ಜಗಳಕ್ಕೆ ಬಂದರೆಂದು ಕಾಕಾ ಗಿರಣಿಯ ಹಿಂದೆ ಅಡಗಿದ. ಅವರು ನನ್ನನ್ನು ಕರೆದು ನಯವಾಗಿ ಕೇಳಿದರು: "ನಮ್ಮೂರವ ಬಾಗಲಾ ತಗದಾನಂದ್ರ ಗೆದ್ದವ್ರು ಅವಗ ಇನಾಮು ಹೊಲ ಕೊಟ್ಟಿರಬೇಕಲ್ಲ ತಮ್ಮಾ? ಆ ಹೊಲ ಎಲ್ಲಿ ಬರತೈತಿ?" ಅವರ ಹತ್ತಿರ ವಂಶಾವಳಿಯೂ ಇತ್ತು. ಬಿಸಿಲಲ್ಲಿ ದಿಬ್ಬವನ್ನೆಲ್ಲ ಅಳೆದು, ನಮ್ಮ ಮನೆಯಲ್ಲಿ ರೊಟ್ಟಿ ಉಂಡು ಹೋದರು.

ಇನ್ನು ನಮ್ಮ ಶಾಂತಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ರೂಪ ಇತ್ತು, ಗದಗಿಗೆ ಹೋಗಿ ಟೈಪಿಂಗ್ ಕಲಿತಿದ್ದಳು, ರೊಟ್ಟಿ ಬಡಿದರೆ ಚಂದ್ರನ ಹಾಗೆ ದುಂಡಗೆ. ಒಂದೇ ಐಬು: ನಗು. ಬಂದವರೆಲ್ಲ ಒಂದು ತಾಸಿನಿಂದ ಶಾಂತಾ ಹಂಗ, ಶಾಂತಾ ಹಿಂಗ ಎಂದು ಮಾತಾಡಿರುತ್ತಾರೆ. ಅವಳು ತಟ್ಟೆ ಹಿಡಿದುಕೊಂಡು ಬಂದು ಕೂತ ಮೇಲೆ ಒಬ್ಬ ಹಿರಿಯರು ಗಂಟಲು ಸರಿಪಡಿಸಿಕೊಂಡು "ಹೆಸರೇನವಾ?" ಎನ್ನುತ್ತಾರೆ. ಮುಗಿಯಿತು. ಸೆರಗು ಬಾಯಿಗೆ ತುರುಕಿದರೂ ನಿಲ್ಲುತ್ತಿರಲಿಲ್ಲ. ಆರು ಕಡೆಯವರು ಬಂದು "ಹುಡಿಗಿ ಭಾಳ ನಗತಾಳ್ರಿ" ಎಂದು ಹೇಳಿ ಕಳಿಸಿದ್ದರು. ಇಪ್ಪತ್ತಾರು ತುಂಬಿತ್ತು. ಅಪ್ಪ ಅವಳ ಎದುರು ಕೂತು ಊಟ ಮಾಡುವುದನ್ನೇ ಬಿಟ್ಟಿದ್ದ.

ಏಳನೆಯವರು ಕೊರ್ಲಹಳ್ಳಿಯವರು. ಹುಡುಗ ಲಕ್ಷ್ಮೇಶ್ವರದಲ್ಲಿ ಮಾಸ್ತರ. ಅವರು ಬರುವ ಸುದ್ದಿ ಬಂದ ದಿನ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಾಗ ಬಸ್ಸಿನಲ್ಲಿ ಅವಳ ಕಾಗದಗಳೆಲ್ಲ ಕಿಟಕಿಯಿಂದ ಹಾರಿ ಹೋದವಂತೆ. ಒಬ್ಬ ಮನುಷ್ಯ ಬಸ್ಸು ನಿಲ್ಲಿಸಿ, ಇಳಿದು, ಎರೆಮಣ್ಣಿನ ಹೊಲದಲ್ಲಿ ಅಷ್ಟನ್ನೂ ಆರಿಸಿ ತಂದು, ಒಂದು ಮಾತನ್ನೂ ಆಡದೆ ಕೊಟ್ಟು ಕೂತನಂತೆ. ಧೋತರದ ತುಂಬ ಕೆಸರಂತೆ.

"ಅವನ ಇವ" ಎಂದಳು ಅಕ್ಕ. ಅಂದು ಅವಳು ನಗಲಿಲ್ಲ. "ನೋಡೋ, ಇವರೂ ಬ್ಯಾಡಂದ್ರ ನಾ ಇನ್ನೊಮ್ಮೆ ತಾಟ ಹಿಡಕೊಂಡ ಬಂದ ಕುಂಡ್ರೂದಿಲ್ಲ. ಕಾಕಾಗ ಹೇಳು, ಬಾಯಿ ಸಂಭಾಳಿಸು ಅಂತ."

ಹೇಳಿದೆ. ಕಾಕಾನ ಮುಖ ಹಿಟ್ಟಿಲ್ಲದೆಯೂ ಬೆಳ್ಳಗಾಯಿತು. ಗಿರಣಿಯಲ್ಲಿ ಹುಸೇನಸಾಬ ಬೆರಳು ಮಡಚುತ್ತ ಹೋದ: ತಾಯಿ ಮಾಗಡಿಯವಳು, ಅತ್ತಿ ಮಲ್ಲಸಮುದ್ರ, ಅಜ್ಜಿ ಶಿರಹಟ್ಟಿ, ಒಬ್ಬ ಅಳಿಯ ಬೆಟಗೇರಿ, ಇನ್ನೊಬ್ಬ ಮುಂಡರಗಿ, ದೊಡ್ಡವ್ವ ಲಕ್ಷ್ಮೇಶ್ವರ. ಒಂದು ಕೈಯ ಬೆರಳು ಮುಗಿದು ಎರಡನೆಯ ಕೈಯವೂ ಮುಗಿದವು.

"ಇದು ಬೀಗತನ ಅಲ್ಲೋ ಹುಸೇನ್ಯಾ, ಬಸ್ಸಿನ ರೂಟ ಐತಿ. ಹೊಳಿ ಆಚೀಕಡೆ?"

"ಆಚೀಕಡೆನೂ ಕೊಟ್ಟಾರ, ತಂದಾರ. ಊರ ಉಳದಿಲ್ಲೋ ಈರಪ್ಪಾ."

"ದೂರದಾವ ಅನ್ರಿ, ಕಾಶಿ ಕಡೆಯಾವ" ಎಂದೆ ನಾನು, ಇತಿಹಾಸದ ವಿದ್ಯಾರ್ಥಿ.

"ಕಾಶ್ಯಾವ ನಮ್ಮ ದಿಡ್ಡಿಗೆ ಯಾಕ ಬಂದ ಅಂತ ಕೇಳ್ತಾರ. ನೀ ಗಪ್ಪ ಕುಂಡ್ರು."

"ಬಾಗಲಾ ತಗದ ಸುದ್ದೀನ ಬಿಟ್ಟ ಬಿಡ್ರಿ ಹಂಗಾರ."

ಕಾಕಾ ನನ್ನನ್ನು ಕನಿಕರದಿಂದ ನೋಡಿದ. "ಸಾವಿರ ಸುಳ್ಳ ಹೇಳಿ ಒಂದ ಲಗ್ನ ಮಾಡು ಅಂತಾರ. ನಾ ಸಾವಿರ ಹೇಳಿ ಮುಗಿಸೇನಲೇ ತಮ್ಮಾ. ಶಾಂತಿ ಪಾಳೆ ಬರೂದ್ರಾಗ ಚೀಲ ಖಾಲಿ ಆಗೈತಿ."

ಮರುದಿನ ಎಂಟರ ಬಸ್ಸಿಗೆ ಅವರು ಬಂದರು. ವರನ ತಂದೆ ರುದ್ರಗೌಡರು, ಎತ್ತರದ ಆಳು, ಕೈಯಲ್ಲಿ ಕೊಡೆ, ಮಾತು ಕಡಿಮೆ. ಜೊತೆಗೆ ಇಬ್ಬರು ಹಿರಿಯರು ಮತ್ತು ಮಾಸ್ತರ. ಮಾಸ್ತರ ನೆಲ ನೋಡಿಕೊಂಡೇ ನಡೆಯುತ್ತಿದ್ದ, ಇನ್ನೂ ಏನಾದರೂ ಕಾಗದ ಬಿದ್ದಿದೆಯೇನೋ ಎಂಬಂತೆ. ಕಾಕಾ ದಾರಿಯುದ್ದಕ್ಕೂ ಬಾಯಿಗೆ ಬಂದದ್ದೆಲ್ಲ ಹೇಳಿದ. ಕಳ್ಳಿಯ ಗುಣ ಹೇಳಿದ, ಆಡಿನ ಜಾತಿ ಹೇಳಿದ. ತಾನು ಎಂದೂ ನಂಬದ ಸುರಂಗವನ್ನೂ ಒಂದು ಕಡೆ ತೋಡಿದ. ಯುದ್ಧದ ಸುದ್ದಿ ಮಾತ್ರ ಎತ್ತಲಿಲ್ಲ. ದಿಡ್ಡಿ ಬಾಗಿಲಿನ ಹತ್ತಿರ ಬಂದಾಗ ಸರಸರನೆ ದಾಟಿಸಿಬಿಡುವ ಹುನ್ನಾರದಲ್ಲಿದ್ದ. ರುದ್ರಗೌಡರು ಕೊಡೆಯನ್ನು ನೆಲಕ್ಕೆ ಊರಿ ನಿಂತುಬಿಟ್ಟರು.

"ಇದ ಏನ್ರಿ ಆ ಬಾಗಲಾ?"

"ಹೌದ್ರಿ... ಗಾಳಿ ಛಲೋ ಬರತೈತಿ ನೋಡ್ರಿ ಇಲ್ಲೆ."

"ಇದನ್ನ ತಗದಾವ ಕೊರ್ಲಹಳ್ಳಿಯವ ಅಂತಲ್ಲ?"

ಗೌಡರು ನಿಧಾನವಾಗಿ ಮುಂದುವರಿಸಿದರು. "ಮುಂಡರಗಿ ಸಂತ್ಯಾಗ ಒಬ್ಬಾವ ಹೇಳಿದ. ಹೋದ ವರ್ಷ ನಿಮ್ಮೂರಿಗೆ ಕನ್ಯಾ ನೋಡಾಕ ಬಂದಾಗ ನೀವ ಹೇಳೀರಂತ. ನಾಕ ಮಂದ್ಯಾಗ ನನಗ ತಲಿ ಎತ್ತಾಕ ಆಗಲಿಲ್ಲ. ಈಗ ನೀವ ಖರೆ ಹೇಳ್ರಿ. ಅಂವ ನಮ್ಮೂರವನ ಅಂದ್ರ, ನಮ್ಮೂರಿಗೆ ದ್ರೋಹಿ ಅಂದವ್ರ ಮನ್ಯಾಗ ನಾವು ನೀರೂ ಕುಡ್ಯೂದಿಲ್ಲ. ಸುಳ್ಳ ಹೇಳಿದ್ವಿ ಅಂದ್ರ, ಸುಳ್ಳ ಹೇಳೂ ಮನಿ ಕನ್ಯಾ ನಮಗ ಬ್ಯಾಡ."

ಯಾರು ಯಾರ ಸೋದರತ್ತೆ ಎಂದು ಲೆಕ್ಕ ಇಟ್ಟ ಹುಸೇನಸಾಬನೂ ಕಾಕಾನೂ ಒಂದನ್ನು ಮರೆತಿದ್ದರು: ಜನ ಸಂತೆಯಲ್ಲಿ ಮಾತಾಡುತ್ತಾರೆ. ಮಾಸ್ತರನ ಮುಖ ನೋಡಿದೆ. ಅವನು ಇನ್ನೂ ನೆಲವನ್ನೇ ನೋಡುತ್ತಿದ್ದ. ಅತ್ತ ತಿರುಗಿದರೆ ನಮ್ಮ ಮಾಳಿಗೆಯ ಮೇಲೆ ಕೆಂಪು ಸೀರೆ ಹಾರುತ್ತಿದೆ. ಅಕ್ಕ ತಯಾರಾಗಿ ಕೂತಿದ್ದಳು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಕಾಕಾನೂ ಸೀರೆ ನೋಡಿದ. ಹೆಗಲ ಟವೆಲ್ಲಿನಿಂದ ಹುಬ್ಬು ಒರೆಸಿಕೊಂಡ. ಚೌಕಟ್ಟಿನ ಕಲ್ಲಿಗೆ ಒರಗಿ ನಿಂತ.

"ಕೊರ್ಲಹಳ್ಳಿಯವ ಅಲ್ರಿ. ಯಾವ ಊರವನೂ ಅಲ್ಲ. ಬಾಗಲಾ ತಗದಾವ ನಮ್ಮ ಮನಿಯಾವ. ನಮ್ಮ ಮುತ್ಯಾನ ಮುತ್ಯಾ. ಈ ದಿಡ್ಡಿ ಕಾಯೂ ಕೆಲಸ ಅವಂದ ಇತ್ತು."

ಆಡುಗಳೂ ಮೇಯುವುದನ್ನು ನಿಲ್ಲಿಸಿದಂತಾಯಿತು. ನಾನು ಮನಸ್ಸಿನಲ್ಲೇ, ಎಲಾ ಕಾಕಾ, ಊರು ಸಿಗದಿದ್ದರೆ ಮನೆಯನ್ನೇ ಕೊಟ್ಟೆಯಾ ಎಂದುಕೊಂಡೆ.

"ಯಾಕ ತಗದ? ಲಂಚ ತಿಂದನೇನು?" ಎಂದರು ಗೌಡರು.

"ಇಲ್ರಿ. ಕನ್ಯಾ ನೋಡಾಕ ಮಂದಿ ಬಂದಿದ್ರು."

"ಏನಂದ್ರಿ?"

"ಅವಗ ಒಬ್ಬಾಕಿ ಮಗಳಿದ್ಲರಿ. ವಯಸ್ಸಿಗೆ ಬಂದಿದ್ಲು. ಆರ ತಿಂಗಳ ಮುತ್ತಿಗಿ ಅಂದ್ರ ಯಾರ ಬರಬೇಕು ನೋಡಾಕ? ಕಡೀಕೆ ಒಂದ ದಿನ ಸಂಜೀಕ ಯಾರೋ ದಿಡ್ಡಿ ಬಡದ್ರು. ಯಾರ್ರಿ ಅಂದ. ಕನ್ಯಾ ನೋಡಾಕ ಬಂದೇವ್ರಿ ಅಂದ್ರು. ಬೀಗರಾಗವ್ರು ಬಾಗಲದಾಗ ನಿಂತಾರ, ಒಳಗ ಬರ್ರಿ ಅನ್ನದ ಇರಾಕ ಆಗತೈತೇನ್ರಿ? ಕೀಲಿ ತಗದ. ಬೀಗರು ಒಳಗ ಬಂದ್ರು. ಅವರ ಹಿಂದ ದಂಡೂ ಬಂತು."

ಜೊತೆಗಿದ್ದ ಹಿರಿಯರಲ್ಲಿ ಒಬ್ಬರಿಗೆ ಅನುಮಾನ. "ಸುತ್ತೆಲ್ಲಾ ದಂಡ ಇತ್ತಲ್ರಿ, ಬೀಗರನ್ನ ನಡುವ ಹೆಂಗ ಬಿಟ್ಟಿತು?"

"ಕನ್ಯಾ ನೋಡಾಕ ಹೊಂಟವ್ರನ್ನ ಯಾರ ತಡೀತಾರ್ರಿ?" ಎಂದ ಕಾಕಾ. ಆ ಹಿರಿಯರು ವಿಚಾರ ಮಾಡಿ, ಅದೂ ಖರೆ ಎಂದು ತಲೆಯಾಡಿಸಿದರು.

ರುದ್ರಗೌಡರು ಒಂದು ಕಲ್ಲಿನ ಮೇಲೆ ಕೂತರು. ಕೊಡೆಯ ತುದಿಯಿಂದ ಮಣ್ಣು ಕೆದರಿದರು. ಆಮೇಲೆ ಕೇಳಬೇಕಾದ್ದನ್ನು ಕೇಳಿಯೇ ಕೇಳಿದರು.

"ಆ ಬೀಗರು ಯಾವ ಊರವ್ರು?"

ನಾನು ಕಣ್ಣು ಮುಚ್ಚಿದೆ. ಕಾಕಾ ಕೈ ಮುಗಿದ. "ಸಿಟ್ಟಿಗೇಳಬ್ಯಾಡ್ರಿ ಗೌಡ್ರ. ಕೊರ್ಲಹಳ್ಳಿಯವ್ರು."

ಗೌಡರು ಕಾಕಾನ ಮುಖವನ್ನೇ ನೋಡಿ ಕೇಳಿದರು:

"ಕನ್ಯಾ ಮನಸಿಗೆ ಬಂತಂತೇನು ಅವರಿಗೆ?"

"ನೋಡಾಕ ಆಗಲಿಲ್ರಿ. ಗದ್ದಲ ಭಾಳ ಆತು."

ಗೌಡರು ಕೊಡೆ ಊರಿ ಎದ್ದರು. ಚೌಕಟ್ಟಿನೊಳಗಿನಿಂದ ಊರ ಕಡೆ, ನಮ್ಮ ಮಾಳಿಗೆಯ ಕಡೆ ನೋಡಿದರು. "ಅಂದ್ರ ನೋಡೂದು ಇನ್ನೂ ಬಾಕಿ ಉಳದೈತಿ" ಎಂದರು. "ನಡ್ರಿ ಮತ್ತ. ಇನ್ನ ಎಷ್ಟ ದಿನ ಕಾಯಸೂದು ಆ ಹುಡಿಗೀನ?"

ಇಳಿಯುವಾಗ ಅವರು ಕಾಕಾನ ಹೆಗಲ ಮೇಲೆ ಕೈ ಹಾಕಿದ್ದರು. "ತನ್ನ ಮನಿ ಹುಳುಕ ತಾನ ಹೇಳೂ ಮನಷಾ, ಕನ್ಯಾದ ಹುಳುಕ ಮುಚ್ಚಿಡೂದಿಲ್ಲ" ಎಂದು ಹಿಂದೆ ಬರುತ್ತಿದ್ದ ಹಿರಿಯರಿಗೆ ಹೇಳುತ್ತಿದ್ದರು.

ಮನೆಯಲ್ಲಿ ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಅಕ್ಕ ತಟ್ಟೆ ತಂದಿಟ್ಟು ಕೂತಳು, ತುಟಿ ಕಚ್ಚಿಕೊಂಡು, ಈ ಸಲ ನಗುವುದಿಲ್ಲವೆಂದು ಪಣ ತೊಟ್ಟವಳು. ಗೌಡರು ಗಂಟಲು ಸರಿಪಡಿಸಿಕೊಂಡರು. "ಬಾಗಲಾ ತಗದವ್ರ ಮನಿ ಕನ್ಯಾ, ಹೆಸರೇನವಾ?" ಅಪ್ಪನ ಕೈಯ ಚಹಾ ಬಸಿ ನೆಲಕ್ಕೆ ಬಿತ್ತು. ಅಕ್ಕನ ನಗು ಎಲ್ಲಿತ್ತೋ ಬಂತು ನೋಡಿ, ತಡೆದಷ್ಟೂ ಹೆಚ್ಚಿತು, ಬಳೆ ಗಲಗಲ ಎನ್ನುವಷ್ಟು ಬಂತು. ಅವ್ವ ಒಳಗೆ ಹಣೆ ಬಡಿದುಕೊಂಡಳು. ಆದರೆ ಗೌಡರೂ ನಗಲು ಹತ್ತಿದ್ದರು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಮಾಸ್ತರ ಮೊದಲ ಸಲ ತಲೆ ಎತ್ತಿ ನೋಡಿದ.

ಹೋಗುವಾಗ ಗೌಡರ ಕಣ್ಣು ಅಡಿಗೆಮನೆಯ ಗೂಟದ ಮೇಲೆ ಬಿತ್ತು. "ಇದ ಏನ್ರಿ ಆ ಕೀಲಿಕೈ?" ಎಂದರು. ಕಾಕಾ ತೆಗೆದುಕೊಟ್ಟ. ಶುಂಠಿಯ ನಾರು ಅಂಟಿಕೊಂಡಿತ್ತು. ಗೌಡರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟರು. ನಾನು ಕಾಕಾನ ಸಮಯಸ್ಫೂರ್ತಿಗೆ ಬೆರಗಾದೆ. ಸುಳ್ಳಿಗೆ ಎಂಥ ಸಾಕ್ಷಿ!

ಮದುವೆ ಆಯಿತು. ಅಪ್ಪ ಮಾತ್ರ ಕಾಕಾನ ಕೂಡ ಮೂರು ತಿಂಗಳು ಮಾತು ಬಿಟ್ಟ. "ಲಗ್ನ ಮಾಡಾಕ ಹೋಗಿ ವಂಶಕ್ಕ ಮಸಿ ಬಳದಿ" ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದ. ಊರಲ್ಲಿ ನಮ್ಮ ಮನೆತನಕ್ಕೆ ಹೆಸರೇ ಬಿತ್ತು, ಬಾಗಿಲು ತೆಗೆದವರು ಎಂದು. ನಲವತ್ತು ಊರಿನವರು ನಿರಾಳವಾಗಿ ಉಸಿರುಬಿಟ್ಟರು. ಇನಾಮು ಹೊಲ ಹುಡುಕಲು ಬಂದಿದ್ದ ಹಿರಿಯರು ಮಾತ್ರ ಬಹಳ ನೊಂದುಕೊಂಡರಂತೆ. ಮುಂದೆ ನಾನು ಕನ್ಯೆ ನೋಡಲು ಲಕ್ಷ್ಮೇಶ್ವರಕ್ಕೆ ಹೋದರೆ, ಹುಡುಗಿಯ ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ರಾತ್ರಿ ಅಗಳಿ ಹಾಕೂ ರೂಢಿ ಐತಿಲ್ಲೋ ನಿನಗ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಅಂದಿನಿಂದ ಯಾರಾದರೂ ಊರು ಕೇಳಿದರೆ "ಮುಂಡರಗಿ ಕಡೆ" ಎನ್ನುವುದನ್ನು ರೂಢಿ ಮಾಡಿಕೊಂಡೆ. ನಲವತ್ತು ವರ್ಷ ಅದನ್ನೇ ಹೇಳಿದೆ.

ಎಂಬತ್ತರ ದಶಕದ ನಡುವೆ ಕಾಕಾ ಹಾಸಿಗೆ ಹಿಡಿದ. ನಾನು ರಜೆ ಹಾಕಿ ಹೋದೆ. ಒಂದು ಮಧ್ಯಾಹ್ನ ತಲೆದಿಂಬಿನ ಕೆಳಗಿನಿಂದ ಆ ಕೀಲಿಕೈ ತೆಗೆದು, "ಶಾಂತಿಗೆ ಕೊಡು" ಎಂದ. ನಾನು ನಗುತ್ತ ಅಂದೆ, "ಕಾಕಾ, ನೀ ಸಾವಿರ ಸುಳ್ಳ ಹೇಳಿದಿ. ಆದ್ರ ಅವತ್ತ ಹೇಳಿದ್ದು ಮಾತ್ರ ಎಲ್ಲಾಕಿಂತ ಛಲೋ ಸುಳ್ಳ."

ಕಾಕಾ ನಗಲಿಲ್ಲ.

"ಅದೊಂದ ಖರೆ ಇತ್ತಲೇ" ಎಂದ. "ನಮ್ಮಪ್ಪ ಸಾಯೂ ಮುಂದ ನನಗೊಬ್ಬಾವಗ ಹೇಳಿದ್ದ. ಯಾರರ ಕೇಳಿದ್ರ ಬ್ಯಾರೆ ಊರ ಹೆಸರ ಹೇಳು, ಮನಿ ಮಾತ ಹೊರಗ ಬಿಡಬ್ಯಾಡ ಅಂದಿದ್ದ. ಅದಕ್ಕ ಕೋಟಿ ತೋರಸೂ ಕೆಲಸ ನಾ ಬ್ಯಾರೆಯವ್ರಿಗೆ ಬಿಡಲಿಲ್ಲ. ಯಾರರ ಖರೆ ಹೇಳಿಬಿಟ್ರ? ಹತ್ತ ಹನ್ನೆರಡ ವರ್ಷ ನಲವತ್ತ ಊರ ಮ್ಯಾಲೆ ಹೊರಿಸಿ ಹೊರಿಸಿ ನನಗ ಸಾಕಾಗಿತ್ತು. ಅವತ್ತ ಆ ಕೆಂಪ ಸೀರಿ ಕಂಡ ಕೂಡ್ಲೆ ಬಾಯಿ ತಾನ ತಗೀತು."

ಇಷ್ಟು ವರ್ಷ ಆ ಭಾರ ಹೊತ್ತು, ಮದುವೆಯನ್ನೂ ಆಗದೆ, ಮಂದಿಯನ್ನು ನಗಿಸುತ್ತ ತಿರುಗಿದನಲ್ಲ ಈ ಮನುಷ್ಯ! ಕುಂಬಳಕಾಯಿ ಕಳ್ಳನ ಗಾದೆ ಹೇಳಿ ನಾನು ಬೇರೆ ಊರಿನವರನ್ನು ನೋಡಿ ನಕ್ಕಿದ್ದೆ. ಹೆಗಲು ನಮ್ಮದೇ ಆಗಿತ್ತು. ಕೊನೆಗೆ ಕೇಳಿದೆ: "ಆ ಹುಡಿಗಿ ಏನಾದ್ಲು ಕಾಕಾ?"

"ಗೊತ್ತಿಲ್ಲ. ಆಕಿ ಹೆಸರೂ ಯಾರಿಗೂ ಗೊತ್ತಿಲ್ಲ. ಬಾಗಲಾ ತಗದಾವ ಯಾವ ಊರವ ಅಂತ ಎಲ್ಲಾರೂ ಕೇಳಿದ್ರು. ಯಾಕ ತಗದ, ಯಾರ ಸಲುವಾಗಿ ತಗದ ಅಂತ ಒಬ್ಬರೂ ಕೇಳಲಿಲ್ಲ. ಆ ಗೌಡ ಒಬ್ಬಾವ ಕೇಳಿದ."

ಅದಾಗಿ ಒಂದು ವಾರಕ್ಕೆ ಕಾಕಾ ಹೋದ. ಕೀಲಿಕೈ ಇಂದಿಗೂ ಲಕ್ಷ್ಮೇಶ್ವರದಲ್ಲಿ ಅಕ್ಕನ ಮನೆಯಲ್ಲಿದೆ. ಮಾಸ್ತರು, ಅಂದರೆ ನಮ್ಮ ಭಾವ, ಓದುವ ಕಾಗದಗಳು ಗಾಳಿಗೆ ಹಾರದಂತೆ ಅದನ್ನು ಮೇಲೆ ಇಡುತ್ತಾರೆ. ಅಕ್ಕ ಇನ್ನೂ ನಗುತ್ತಾಳೆ.

ಮೊನ್ನೆ ಮುಂಡರಗಿ ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ಅಂಗೈ ಇನ್ನೊಮ್ಮೆ ಮೂಸುತ್ತಿದ್ದೆ. ಆ ನರ್ಸಿಂಗ್ ಹುಡುಗಿಯೇ ಬಂದು ನನ್ನ ಪಕ್ಕದ ಜಾಗ ಹಿಡಿದಳು. ಕೀಲಿಕೈ ಚಾಚಿದ ಮುದುಕ ನಾನೇ ಎಂದು ಗುರುತು ಹಿಡಿದು, ನಗು ಅಡಗಿಸಿಕೊಂಡು ಮಾತಿಗೆ ಕೇಳಿದಳು: "ಯಾವ ಊರ್ರಿ ಅಜ್ಜಾರ?"

ಮುಂಡರಗಿ ಕಡೆ ಎನ್ನಲು ಬಾಯಿ ತೆರೆದವನು ನಿಲ್ಲಿಸಿದೆ.

"ಹುಡೇದಕಟ್ಟಿ" ಎಂದೆ. "ಬಾಗಲಾ ತಗದವ್ರ ಮನಿ."

"ಯಾವ ಬಾಗಲಾರಿ?"

ನಾನು ಕಿಟಕಿಯ ಕಡೆ ಇನ್ನಷ್ಟು ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ. "ಸಾವಕಾಶ ಕುಂಡ್ರವಾ, ಹೇಳ್ತೀನಿ. ಒಬ್ಬಾಕಿ ಹುಡಿಗಿ ಇದ್ಲು. ಆಕಿ ಕೋಟಿಗೆ ಆರ ತಿಂಗಳ ಮುತ್ತಿಗಿ ಹಾಕಿದ್ರು, ಒಂದ ಕಲ್ಲ ಅಳ್ಳಾಡಲಿಲ್ಲ. ಕಡೀಕೆ ಆಕಿ ಸಲುವಾಗಿ ಬಾಗಲಾ ನಾವ ತಗದ್ವಿ."